ಶ್ರೀಕರನ ಮಿಲಿಟರಿ ಮಲಯಾಳಂ

ಧಾರವಾಡದ ಶ್ರೀಕರನಿಗೆ ದೇಶಭಕ್ತಿ ಕಲಿಸಿದ ಪಾಪ ನನ್ನದು. 2014ರಲ್ಲಿ ಅವನೂ ಹೆಂಡತಿ ಗಾರ್ಗಿಯೂ ಅಮೆರಿಕದ ಜಾರ್ಜ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಕೆಲಸದ ವೀಸಾಕ್ಕೆ ಎತ್ತುವ ಲಾಟರಿಯಲ್ಲಿ ಎರಡು ಸಲವೂ ಅವನ ಹೆಸರು ಬರಲಿಲ್ಲ. ಜುಲೈ ಮುಗಿದರೆ ದೇಶ ಬಿಡಬೇಕು. ಆ ಹೊತ್ತಿಗೆ ಗಾರ್ಗಿ ಏಳು ತಿಂಗಳ ಬಸುರಿ. ವಿಮಾನ ಹತ್ತಲೇಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಆಗ ಅವನ ಕಣ್ಣಿಗೆ ಬಿದ್ದದ್ದು ಅಮೆರಿಕದ ಸೈನ್ಯ. ಕೆಲವು ಭಾಷೆ ಬಲ್ಲ ಪರದೇಶಿಗಳನ್ನು ಸೇರಿಸಿಕೊಂಡು ಪೌರತ್ವ ಕೊಡುತ್ತಾರಂತೆ. ಪಟ್ಟಿಯಲ್ಲಿ ಮಲಯಾಳಂ ಇತ್ತು, ಕನ್ನಡ ಇರಲಿಲ್ಲ. ಆರು ವಾರಕ್ಕೆ ಭಾಷೆಯ ಪರೀಕ್ಷೆ.

"ಅಂಕಲ್, ಆರು ವಾರದಾಗ ಮಲಯಾಳಂ ಬರ್ತದೇನ್ರಿ?"

"ಬರದೆ ಏನಪ್ಪ? ಎಲ್ಲಾ ಅಕ್ಕತಂಗೀರ ಥರ. ಮಲಯಾಳಂ ಮಿಲಿಟರಿ ಸಿನಿಮಾ ನೋಡು. ಭಾಷೆನೂ ಬರುತ್ತೆ, ಸೈನ್ಯದ ರೀತಿನೂ ಗೊತ್ತಾಗುತ್ತೆ," ಎಂದೆ. ನನಗೆ ಮಲಯಾಳಂನಲ್ಲಿ ಗೊತ್ತಿದ್ದದ್ದು ನಾಲ್ಕು ತಿಂಡಿಗಳ ಹೆಸರು. ಸಲಹೆ ಕೊಡಲು ಅದು ಅಡ್ಡಿಯಾಗಲಿಲ್ಲ.

ಅವನು ನೋಡಿದ್ದೇ ನೋಡಿದ್ದು. ಜೊತೆಗೆ ನಾನೂ ಕೂತೆ. ಆ ಚಿತ್ರಗಳಲ್ಲಿ ಗಡಿ ಕಾಣುವುದು ಅರ್ಧ ಗಂಟೆ. ಉಳಿದದ್ದೆಲ್ಲ ನಾಯಕನ ರಜೆ. ಮೇಜರ್ ಸಾಹೇಬರು ಊರಿಗೆ ಬಂದು, ಟ್ರಂಕಿನಿಂದ ರಮ್ ಬಾಟಲಿ ತೆಗೆದು ನೆಂಟರಿಗೆ ಹಂಚುತ್ತಾರೆ. ದೇಶವನ್ನು ಹೀಯಾಳಿಸಿದವನಿಗೆ ಐದು ನಿಮಿಷ ಉಸಿರು ಬಿಡದೆ ಭಾಷಣ. ಕೊನೆಗೆ ತ್ರಿವರ್ಣ ಹೊದ್ದು ಬರುತ್ತಾರೆ. ತಾಯಿ ಅಳದೆ ಸೆಲ್ಯೂಟ್ ಹೊಡೆಯುತ್ತಾಳೆ. ಅಮೆರಿಕನ್ ಪಾಸ್‌ಪೋರ್ಟ್ ಇಟ್ಟುಕೊಂಡ ನಾನು ಮಾತ್ರ ಪ್ರತಿ ಸಲ ಗಳಗಳನೆ ಅತ್ತೆ. ಶ್ರೀಕರ್ ಅಳಲಿಲ್ಲ. ಹಿಂದಕ್ಕೆ ಓಡಿಸಿ ಓಡಿಸಿ ಭಾಷಣ ಬರೆದುಕೊಂಡ.

"ಊಟಕ್ಕ ಕರದ್ರೂ ಇವ್ರು ಸೆಲ್ಯೂಟ್ ಹೊಡೀತಾರ್ರಿ ಅಂಕಲ್. ನನಗ ಹೆದರಿಕಿ ಆಗ್ತದ," ಎಂದು ಗಾರ್ಗಿ ನಗುತ್ತಲೇ ಕಣ್ಣೊರೆಸಿಕೊಂಡಳು.

ಜುಲೈ ಎರಡನೇ ವಾರ ಆಸ್ಟಿನ್ನಿನ ಸೈನ್ಯ ಭರ್ತಿ ಕಚೇರಿಗೆ ನಾನೇ ಡ್ರೈವ್ ಮಾಡಿದೆ. ಪರೀಕ್ಷೆ ಫೋನಿನಲ್ಲಿ; ಆ ಕಡೆ ಒಬ್ಬ ವಯಸ್ಸಾದ ಮಲಯಾಳಿ. ಇಪ್ಪತ್ತು ನಿಮಿಷಕ್ಕೆ ಶ್ರೀಕರ್ ಹೊರಗೆ ಬಂದು ಕಾರಿನಲ್ಲಿ ಕೂತ.

"ಏನು ಕೇಳಿದ್ರೋ?"

"ಮನಿಯಿಂದ ಅಂಗಡಿಗೆ ಹೆಂಗ ಹೋಗ್ತಿ ಅಂತ. ಅದು ಯಾವ ಸಿನಿಮಾದಾಗೂ ಇರಲಿಲ್ರಿ."

"ಮತ್ತೆ?"

"ಸುಮ್ಮನ ಇರಬಾರದಂತ ಭಾಷಣ ಶುರು ಮಾಡಿದೆ. ಭಾರತಮಾತೆಗೆ ಕೊನೀ ಹನಿ ರಕ್ತ ಕೊಡ್ತೀನಂತ. ಪೂರ್ತಿ ಹೇಳಿದೆ, ಒಂದು ತಪ್ಪಿಲ್ಲ."

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

"ಅವ್ರು ಮೆತ್ತಗ ಕೇಳಿದ್ರು, ಮಗನೇ, ನೀನು ಸೇರೋದು ಯಾವ ದೇಶದ ಸೈನ್ಯ ಅಂತ."

"ಏನಂದೆ?"

"ಯಾವುದರೇ ಆಗ್ಲಿ ಸರ್, ಇನ್ನ ಮೂರು ತಿಂಗಳು ಇಲ್ಲಿ ಇರಲಿಕ್ಕೆ ಬಿಡ್ರಿ ಅಂದೆ. ಕನ್ನಡದಾಗ ಅಂದುಬಿಟ್ಟೆ. ಥ್ಯಾಂಕ್ ಯೂ ಅಂದು ಫೋನ್ ಇಟ್ಟುಬಿಟ್ರು."

ಅವನ ಫೋನು ಬಡಿದುಕೊಳ್ಳತೊಡಗಿತು. ಗಾರ್ಗಿ.

"ನೀವ ಹೇಳ್ರಿ ಅಂಕಲ್," ಎಂದು ಅದನ್ನು ನನ್ನ ತೊಡೆಯ ಮೇಲಿಟ್ಟ.