ಚಂದನಾಳ ಮಾತು, ಚಂದನಾಳದೇ

ಶರಣ ಬಂಧುಗಳೇ, ಮನಸ್ಸನ್ನು ಹಗುರ ಮಾಡಿಕೊಂಡು ಒಂದಿಷ್ಟು ಹೊತ್ತು ಕೇಳಿರಿ. ಇಟ್ಟಿಗಿ ಊರಿನ ಡಾಕ್ಟರ್ ವೀರಭದ್ರಯ್ಯನವರು ಮೂರು ತಲೆಮಾರಿನ ನಾಡಿ ಹಿಡಿದವರು. ಮಧ್ಯಾಹ್ನ ಕಿಟಕಿಯ ಪರದೆ ಮೆಲ್ಲಗೆ ಉಸಿರಾಡುವಾಗ, ದೂರದಲ್ಲಿ ಕುರಿಗಳ ಗಂಟೆ ತೇಲುವಾಗ, ತಾವು ಹಿಡಿದ ಕೈಗಳೆಲ್ಲವೂ ಒಂದೇ ಕೈಯಾಗಿ ತಮ್ಮ ಬೆರಳಿನಡಿ ಮಿಡಿಯುತ್ತಿವೆಯೆಂದು ಅವರಿಗೆ ಅನ್ನಿಸುತ್ತಿತ್ತು.

ಅಂಥದೊಂದು ಹೊತ್ತಿನಲ್ಲಿ ಕುರಿ ಸಾಕುವ ಮನೆಯ ಭರಮಮ್ಮ ತನ್ನ ಹದಿನಾಲ್ಕು ವರ್ಷದ ಮೊಮ್ಮಗಳು ಚಂದನಾಳನ್ನು ಕರೆತಂದಳು. ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಹುಡುಗಿಗೆ ಸೀಟು ಸಿಕ್ಕಿತ್ತು. ಎಂಟು ದಿನದಲ್ಲಿ ಹೊರಡಬೇಕು, ಅವಳು ಒಲ್ಲೆನೆನ್ನುತ್ತಿದ್ದಳು.

“ಏನಾಗತೈತಿ ತಂಗಿ?”

“ಹೊಟ್ಟಿನೋವ್ರಿ,” ಎಂದಳು ಅಜ್ಜಿ.

“ಊಟ ಸೇರತೈತೇನು?”

“ಎರಡು ರೊಟ್ಟಿ ತಿಂತಾಳ್ರಿ,” ಮತ್ತೆ ಅಜ್ಜಿಯೇ.

“ನೋವು ಆಕೀಗೋ, ನಿಮಗೋ ಭರಮಮ್ಮ?”

ಚಂದನಾ ನಗಲಿಲ್ಲ. ಆಗ ಡಾಕ್ಟರಿಗೆ ನೆನಪಾಯಿತು: ಹೋದ ವರ್ಷ ಅವಳು, ಕದ್ದು ಬಳಪ ತಿನ್ನುತ್ತೇನೆಂದು ಪಿಸುಗುಟ್ಟಿದ್ದಳು. ಅವರು ನಗುನಗುತ್ತ ಅದನ್ನು ಅಜ್ಜಿಗೆ ಹೇಳಿದ್ದರು. ಸಂಜೆಯೊಳಗೆ ಓಣಿಯೆಲ್ಲ ಅವಳನ್ನು ‘ಬಳಪದ ಚಂದ್ರಿ’ ಎಂದು ಕರೆದಿತ್ತು. ಮನೆಯವರಿಗೆ ಹೇಳುವುದು ಊರಿನ ರೂಢಿ. ಆ ರೂಢಿಯೇ ಮಗುವಿನ ಬಾಯಿಗೆ ಬೀಗವಾಗಿತ್ತು.

“ಭರಮಮ್ಮ, ಸ್ವಲ್ಪ ಹೊರಗ ಬೇವಿನ ನೆಳ್ಳಾಗ ಕುಂದರ್ರಿ.”

“ಅಯ್ಯ, ನಾ ಎತ್ತಿ ಆಡಿಸಿದ ಕೂಸದು! ನನ್ನ ಮುಂದ ಹೇಳಲಾರದ್ದು ಏನೈತಿ?”

“ಎತ್ತಿ ಆಡಿಸಿದವ್ರ ಮುಂದನ ನಾಚಿಕಿ ಹೆಚ್ಚು, ಯವ್ವಾ.”

ಅಜ್ಜಿ ಗೊಣಗುತ್ತ ಎದ್ದು ಹೋದಳು. ಬಾಗಿಲು ಅರೆ ತೆರೆದೇ ಇತ್ತು. ಹಿರಿಯ ಡಾಕ್ಟರು ಆ ಎಳೆಯ ಹುಡುಗಿಯ ಮುಂದೆ ಕೈಜೋಡಿಸಿದರು. “ಹೋದ ವರ್ಷ ನಿನ್ನ ಮಾತು ನಾ ಹೊರಗ ಹಾಕಿದೆ ತಂಗಿ. ತಪ್ಪು ನಂದು.”

ಚಂದನಾ ಒಮ್ಮೆ ಬಾಗಿಲಿನತ್ತ ನೋಡಿ, ಅವರತ್ತ ತಿರುಗಿದಳು.

“ಮತ್ತ ಹೇಳಿದ್ರ?”

“ಹೇಳಂಗಿಲ್ಲ. ಜೀವಕ್ಕ ಅಪಾಯ ಇದ್ರ ಮಾತ್ರ ಹೇಳಬೇಕಾಗತೈತಿ, ಅದೂ ಮೊದಲು ನಿನಗ ತಿಳಿಸಿ.”

“ಮಲಗಿದಾಗ ಕೌದಿ ಹಸಿ ಆಗತೈತ್ರಿ,” ಎಂದಳು ಕನಸಿನಲ್ಲಿ ಮಾತಾಡುವವಳಂತೆ. “ಮನ್ಯಾಗ ಬೆಕ್ಕಿನ ಮ್ಯಾಲೆ ತಪ್ಪು ಹಾಕ್ತೀನಿ. ಹಾಸ್ಟೆಲ್ನಾಗ ಬೆಕ್ಕು ಇರಂಗಿಲ್ಲ.”

ಡಾಕ್ಟರು ನಗಲಿಲ್ಲ. “ನಿನ್ನ ವಯಸ್ಸಿನ ಎಷ್ಟೋ ಮಕ್ಕಳಿಗೆ ಹಿಂಗಾಗತೈತಿ. ನಿನ್ನ ತಪ್ಪಲ್ಲ. ಮೂತ್ರ ಪರೀಕ್ಷೆ ಮಾಡೋಣು, ಇದಕ್ಕ ಔಷಧ ಐತಿ.”

ಹೊರಗೆ ಬಂದ ಡಾಕ್ಟರಿಗೆ ಭರಮಮ್ಮ ಎದುರಾದಳು. “ಏನಂತ್ರಿ?”

“ಅಂಜಬ್ಯಾಡ್ರಿ, ವಾಸಿ ಆಗತೈತಿ. ಮಾತು ಆಕೀದು. ಆಕಿ ಹೇಳಿದ್ರ ಕೇಳ್ರಿ.”

“ಎಂಥಾ ಡಾಕ್ಟ್ರಪ್ಪ ಇವ್ರು!”

ಐದನೆಯ ದಿನ ಚಂದನಾ, ಡಾಕ್ಟರು ಕೊಟ್ಟಿದ್ದ ಗುಳಿಗೆ ಹಿಡಿದು ಒಬ್ಬಳೇ ಬಂದಳು. ಕುರ್ಚಿ ಎಳೆದು ಕೂತು ಕೇಳಿದಳು: “ಹಾಸ್ಟೆಲ್ನಾಗ ಈ ಗುಳಿಗಿ ಯಾವಾಗ ತಗೋಬೇಕ್ರಿ?” ಶಿವನು ತನ್ನನ್ನು ಕ್ಷಮಿಸಿದನೆಂದು ವೀರಭದ್ರಯ್ಯನವರ ಕಣ್ಣು ತೇವವಾಯಿತು.

ಬಂಧುಗಳೇ, ನಿಮ್ಮ ಮಗುವನ್ನು ಡಾಕ್ಟರ ಮುಂದೆ ಕೂರಿಸಿದ ಮೇಲೆ ನೀವೂ ಒಂದು ಗಳಿಗೆ ಎದ್ದು ಹೊರಗೆ ಬನ್ನಿರಿ; ಒಳಗೇನಾಯಿತೆಂದು ಕೇಳದೆ, ಅದರ ಕೈಹಿಡಿದು ಮನೆಗೆ ನಡೆಯಿರಿ.