ಮುಂಡಗೋಡ ಬಿಟ್ಟುಹೋದ ನಕಾಶೆ

ನಮ್ಮ ಮಾಮಾ ಅಂದಾನೆಪ್ಪ ಹಳಿಯಾಳವನ್ನು ರಾಜಧಾನಿ ಮಾಡಲು ಹೊರಟಿದ್ದ. ಮಾಮಾ ಎಂದರೆ ನನ್ನ ಅಕ್ಕ ಗುರುಸಿದ್ದವ್ವನ ಗಂಡ. ನಮ್ಮ ತವರು ಮುಂಡಗೋಡ. ನಾನು ಹಳಿಯಾಳದ ಕನ್ಯಾಶಾಲೆಯಲ್ಲಿ ಅಕ್ಕೋರಾಗಿ ಸೇರಿ, ಅಕ್ಕನ ಮನೆಯಲ್ಲೇ ಇದ್ದೆ. ಹೀಗಾಗಿ ಒಂದು ರಾಜ್ಯ ಹುಟ್ಟಿದ್ದನ್ನೂ, ಉಬ್ಬಿದ್ದನ್ನೂ, ಉಬ್ಬಿ ಉಬ್ಬಿ ಏನಾಯಿತೆಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ನಾದಿನಿಗೆ ಮಾಮಾನನ್ನು ಚೇಷ್ಟೆ ಮಾಡುವ ಹಕ್ಕು ಮದುವೆಯ ಹಂದರದಲ್ಲೇ ಸಿಕ್ಕಿರುತ್ತದೆ. ಅದನ್ನು ನಾನು ಇಲ್ಲಿ ಧಾರಾಳವಾಗಿ ಬಳಸುವವಳಿದ್ದೇನೆ.

ಅವರದು ಪೇಟೆಯಲ್ಲಿ ಬೆಲ್ಲ, ಚಿಮಣಿ ಎಣ್ಣೆಯ ಅಂಗಡಿ. ಧಾರವಾಡದಲ್ಲಿ ಮ್ಯಾಟ್ರಿಕ್ ಓದಿ ಬಂದ ಮಾಮಾನ ತಲೆಯಲ್ಲಿ ಬೆಲ್ಲಕ್ಕೆ ಜಾಗವೇ ಇರಲಿಲ್ಲ. ಕನ್ನಡಿಗರೆಲ್ಲ ಒಂದಾಗಬೇಕೆಂದು ಮೊದಲು ಕೂಗಿದವನೂ ಅವನೇ. ಐವತ್ತಾರರಲ್ಲಿ ಹಳಿಯಾಳ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ದಿನ ಅಂಗಡಿಯ ಬೆಲ್ಲವನ್ನೆಲ್ಲ ಬೀದಿಗೆ ಹಂಚಿದ. ಮರುವಾರ ಮಾಡಿನ ರಿಪೇರಿಗೆ ನಾಲ್ಕು ಬಿದಿರು ಕಡಿಯಲು ಪರವಾನಗಿ ಕೇಳಿದರೆ, "ಮೊದಲ ಮುಂಬೈದಿಂದ ಹುಕುಂ ಬರ್ತಿತ್ತು, ಈಗ ಬೆಂಗಳೂರಿಂದ ಬರಬೇಕ್ರಿ" ಎಂದ ಫಾರೆಸ್ಟ್ ಕಚೇರಿಯ ಕಾರಕೂನ. ಮಾಮಾ ಅಲ್ಲೇ ತಿರುಗಿಬಿದ್ದ. ಬಿದಿರು ನಮ್ಮದು, ಮಾಡು ನಮ್ಮದು, ಸೋರುವುದು ನಮ್ಮ ತಲೆಯ ಮೇಲೆ. ಹುಕುಂ ಮಾತ್ರ ಇನ್ನೊಬ್ಬರದೇ? ಮುಂದಿನ ಮಳೆಗಾಲ ಮನೆಯಿಡೀ ಸೋರಿತು. ಅವನು ಪಾತ್ರೆಗಳ ನಡುವೆ ಕೂತು ಬರೆದ. ಆ ಸಿಟ್ಟು ಸುಳ್ಳಲ್ಲ ಎಂದು ನಾನು ಇವತ್ತೂ ಹೇಳುತ್ತೇನೆ.

ಹಾಗೆ ಹುಟ್ಟಿದ್ದು 'ಅಡವಿ ಕಹಳೆ' ಎಂಬ ವಾರಪತ್ರಿಕೆ. ವಾರಪತ್ರಿಕೆ ಎಂದರೆ ಶಾಯಿ ಸಿಕ್ಕ ವಾರ ಬರುವ ಪತ್ರಿಕೆ. "ತೇಗವೇ, ಎದ್ದೇಳು! ಬಿದಿರೇ, ಬಾಗಬೇಡ!" ಎಂದು ಮೊದಲ ಪುಟದಲ್ಲೇ ಗುಡುಗುತ್ತಿದ್ದ. ನಮ್ಮ ಬಿದಿರು ದಾಂಡೇಲಿಯ ಗಿರಣಿಗೆ ಹೋಗಿ, ಕಾಗದವಾಗಿ, ನಮಗೇ ಮಾರಾಟಕ್ಕೆ ಬರುತ್ತದೆ ಎಂದು ಅದೇ ಕಾಗದದ ಮೇಲೆ ಅಚ್ಚು ಹಾಕಿಸುತ್ತಿದ್ದ. ತಪ್ಪದೆ ತರಿಸಿ ಓದುತ್ತಿದ್ದುದು ಪೊಲೀಸ್ ಕಚೇರಿಯೊಂದೇ. ಅಂಗಡಿಯನ್ನು ಅಕ್ಕ ನಡೆಸುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಕ್ಕ ದಿನಾ ಬಯ್ಯುವಳು, ಬಯ್ದು ಅವನಿಗೆ ಇನ್ನೊಂದು ಕಪ್ಪು ಚಹಾ ಕೊಡುವಳು.

ಗೋವಾ ಬಿಡುಗಡೆಯಾದ ಮೇಲಂತೂ ಮಾಮಾನನ್ನು ಹಿಡಿಯುವವರಿಲ್ಲ. ನಾನೂರು ವರ್ಷ ಕೂತಿದ್ದ ಪೋರ್ತುಗೀಜರೇ ಗಂಟುಮೂಟೆ ಕಟ್ಟಿದರೆ, ಹಳಿಯಾಳ ಯಾಕೆ ಸುಮ್ಮನಿರಬೇಕು? ಬೆಂಗಳೂರೂ ಬೇಡ, ಮುಂಬಯಿಯೂ ಬೇಡ, ಪ್ರತ್ಯೇಕ 'ಕಾಳಿನಾಡು' ಬೇಕು ಎಂದು ಸಾರಿದ. ದಾಂಡೇಲಿಯ ಮೆಕ್ಯಾನಿಕ್ ಫಕ್ರುದ್ದೀನ ಉಪಾಧ್ಯಕ್ಷ, ಯಾಕೆಂದರೆ ಅವನ ಹತ್ತಿರ ಜೀಪು ಇತ್ತು. ಅಕ್ಕನ ಹಸಿರು ಇಳಕಲ್ ಸೀರೆಯ ಒಂದು ಮೊಳ ಬಾವುಟವಾಯಿತು. ಅಕ್ಕ ಎರಡು ದಿನ ಮಾತು ಬಿಟ್ಟಳು.

ಗಡಿ ಎಲ್ಲಿ ಎಂದು ಯಾರೋ ಕೇಳಿದರು. ಮಾಮಾ ಅದಕ್ಕೂ ಶಾಸ್ತ್ರ ಮಾಡಿದ. ಯಾರ ಅಂಗಳದಲ್ಲಿ ಸುರಿದ ನೀರು ಹರಿದು ಹರಿದು ಕಾಳಿ ಹೊಳೆ ಸೇರುತ್ತದೋ ಅವರು ಕಾಳಿನಾಡಿನವರು, ಮಿಕ್ಕವರು ಪರದೇಶದವರು. ಊರಿಗೆ ಊರೇ ಹುಚ್ಚೆದ್ದಿತು. ಮುದುಕರು ಕೊಡಪಾನ ಹಿಡಿದು ಅಂಗಳಕ್ಕೆ ಬಂದರು. ಒಬ್ಬರ ನೀರು ಪಕ್ಕದವರ ಹಿತ್ತಲಿಗೆ ನುಗ್ಗಿ ಜಗಳವಾಯಿತು. ಉಳವಿ, ಸೂಪಾ, ಜೋಯಿಡಾ, ಅನಮೋಡದ ತನಕ ಎಲ್ಲ ಒಳಗೆ ಬಂದವು. ಮುಂಡಗೋಡದ ನೀರು ಬೇರೆ ಹೊಳೆಗೆ ಹೋಗುತ್ತದೆ. ಆದ್ದರಿಂದ ಮುಂಡಗೋಡ ಹೊರಗೆ ಉಳಿಯಿತು. ಮಾಮಾ ಕಲಘಟಗಿಯ ಹಾದಿಯಲ್ಲಿ ಸುಣ್ಣ ಬಳಿದ ಗಡಿಕಲ್ಲನ್ನೂ ನೆಟ್ಟು ಬಂದ.

ಆಗಲೇ ಮದುವೆಯಾಗಿ ಒಂಬತ್ತು ವರ್ಷಕ್ಕೆ ಅಕ್ಕ ಬಸುರಾದಳು. ಮಾಮಾ ಕುಣಿದುಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇವನು ಕುಲಾವಿಯನ್ನು ಪತ್ರಿಕೆಯಲ್ಲೇ ಹೊಲಿದ. "ಕಾಳಿನಾಡಿನ ಪ್ರಥಮ ಪ್ರಜೆ ಬರುವ ದೀಪಾವಳಿಗೆ ರಾಜಧಾನಿಯಲ್ಲಿ ಜನಿಸಲಿದೆ" ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಕೂಸಿಗೂ ಗೊತ್ತಿರುವ ಮಾತು. ಇವನಿಗೆ ಹೊಳೆಯಲೇ ಇಲ್ಲ.

ಕುಬಸದ ದಿನ ನಮ್ಮಣ್ಣ ಮಹಾಂತಪ್ಪ ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಹೋಳಿಗೆ ತಂದ. ಉಡಿ ತುಂಬಿದರು, ಎಲ್ಲರೂ ಉಂಡರು. ಉಂಡ ಮೇಲೆ ಅಣ್ಣ ಮೀಸೆ ಒರೆಸಿಕೊಂಡು ಹೇಳಿದ.

"ಹಂಗಾರ ಗುರುಸಿದ್ದವ್ವನ್ನ ನಾಳೆ ಕರಕೊಂಡ ಹೋಗ್ತೇನ್ರಿ, ಅಂದಾನೆಪ್ಪನವರ. ಅವ್ವ ದಾರಿ ನೋಡಾಕತ್ಯಾಳ."

ಮಾಮಾನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. "ಮಹಾಂತಪ್ಪಣ್ಣ, ಅದು ಹೆಂಗ ಆಗತೈತ್ರಿ? ಮುಂಡಗೋಡ ನಮ್ಮ ಗಡಿ ಹೊರಗ ಐತಿ. ಕೂಸು ಪರದೇಶದಾಗ ಹುಟ್ಟಿಧಂಗ ಆಗತೈತಿ."

ಅಣ್ಣ ಹೋಳಿಗೆ ಬುಟ್ಟಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದ. "ಹಂಗಂದ್ರ ನಾ ಈಗ ಪರದೇಶದಾಗ ಕುಂತು ಹೋಳಿಗಿ ತಿಂದ್ನೇನ್ರಿ? ಅದೂ ನಮ್ಮ ಮನಿ ಹೋಳಿಗಿ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅಕ್ಕ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಒಂಬತ್ತು ವರ್ಷ ಓಣಿಯ ಹೆಣ್ಣುಮಕ್ಕಳೆಲ್ಲ ಹಸಿರು ಬಳೆ ತೊಟ್ಟು ತವರಿಗೆ ಹೋಗಿ ಬಂದದ್ದನ್ನು ಅಂಗಡಿಯ ಕಟ್ಟೆಯಿಂದ ನೋಡಿದವಳು ಅವಳು. ಅವ್ವನ ಕೈಯಲ್ಲಿ ಎಣ್ಣೆ ನೀರು ಹಾಕಿಸಿಕೊಳ್ಳಬೇಕೆಂಬುದು ಬಿಟ್ಟರೆ ಅವಳು ದೇವರಲ್ಲಿ ಬೇರೇನೂ ಕೇಳಿರಲಿಲ್ಲ.

"ರೀ," ಎಂದಳು, ಗೋಡೆಯ ಕಡೆ ನೋಡುತ್ತ. "ನಮ್ಮೂರ ನೀರು ನಿಮ್ಮ ಹೊಳಿಗಿ ಬರಲಿಲ್ಲ, ಖರೆ. ನಾ ಬಂದ್ನೆಲ್ಲ? ನಾ ಹರದ ಬಂದ ದಾರಿ ನಿಮ್ಮ ನಕಾಶೆದಾಗ ಯಾಕಿಲ್ಲ?"

ಇಷ್ಟು ಪುಟ ಗುಡುಗಿದ ಮನುಷ್ಯನಿಗೆ ಈಗ ಬಾಯಿತುಂಬ ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಪ್ರಥಮ ಪ್ರಜೆಯ ಸುದ್ದಿ ಊರೆಲ್ಲ ಓದಿದೆ. ಹೆಂಡತಿಯ ಕಣ್ಣೀರು ಎದುರಿಗೇ ಇದೆ. ಕಡೆಗೆ ತಾನೇನು ಸರ್ವಾಧಿಕಾರಿ ಅಲ್ಲ, ಗಡಿ ಬದಲಿಸಬೇಕಾದರೆ ಸಭೆ ಒಪ್ಪಬೇಕು, ಸಂತೆಯ ದಿನದ ತನಕ ತಡೆಯಿರಿ ಎಂದ. ಅಣ್ಣ ಒಪ್ಪಿದ. ಹೋಳಿಗೆ ಇನ್ನೂ ಉಳಿದಿದ್ದವು.

ಸಂತೆಯ ದಿನ ಫಕ್ರುದ್ದೀನನ ಜೀಪಿನ ಬಾನೆಟ್ಟೇ ವೇದಿಕೆಯಾಯಿತು. ಜೀಪಿನ ಒಳಗೆ ಅಕ್ಕ ಗಂಟು ಕಟ್ಟಿಕೊಂಡು ಕೂತಿದ್ದಳು. ಸಭೆ ಏನೇ ತೀರ್ಮಾನಿಸಲಿ, ಇದೇ ಜೀಪಿನಲ್ಲಿ ಮುಂಡಗೋಡಕ್ಕೆ ಹೋಗುತ್ತೇನೆಂದು ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಶಾಲೆಯ ಕಪ್ಪು ಹಲಗೆ ತಂದು ಕಾಳಿನಾಡಿನ ನಕಾಶೆ ಬರೆದೆ. ಮಾಮಾ ಬಾನೆಟ್ಟಿನ ಮೇಲೆ ಹತ್ತಿ, ತವರಿನ ಋಣ ಹೊಳೆಗಿಂತ ಆಳವೆಂದೂ, ಮುಂಡಗೋಡವನ್ನು ಒಳಗೆ ಸೇರಿಸಿದ್ದೇವೆಂದೂ ಘೋಷಿಸಿದ. ಚಪ್ಪಾಳೆಯೋ ಚಪ್ಪಾಳೆ. ನಾನು ಗೆರೆಯನ್ನು ಮುಂಡಗೋಡದ ತನಕ ಎಳೆದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಉಪಾಧ್ಯಕ್ಷ ಕೈ ಎತ್ತಿದ.

"ಭಾಯಿ, ನನ್ನ ತಂಗಿ ಖತೀಜಾ ಹುಬ್ಬಳ್ಳ್ಯಾಗ ಅದಾಳ. ಅಕಿ ಏನ ಗುನ್ಹಾ ಮಾಡ್ಯಾಳ?"

ನ್ಯಾಯದ ಮಾತು. ಗೆರೆ ಹುಬ್ಬಳ್ಳಿಗೆ ಹೋಯಿತು. ಅಡಿವೆಯ್ಯ ಸ್ವಾಮಿಗಳು, ನಮಗೆಲ್ಲ ಪಂಚಾಂಗ ಹೇಳುವ ಜಂಗಮರು, ಕೆಮ್ಮಿದರು. ಅವರ ಮಗಳು ಬೈಲಹೊಂಗಲದಲ್ಲಿ. ಗೆರೆ ಬೈಲಹೊಂಗಲಕ್ಕೆ ಹೋಯಿತು. ಅಲ್ಲಿಂದ ಹಾವೇರಿ, ಖಾನಾಪುರ, ಕುಮಟಾ, ಸೊಲ್ಲಾಪುರ. ಜನ ಬಾಳೆಹಣ್ಣಿನ ಬುಟ್ಟಿ, ಮೆಣಸಿನಕಾಯಿ ರಾಶಿ ಬಿಟ್ಟು ಓಡಿಬಂದು ತಮ್ಮ ತಮ್ಮ ಹೆಣ್ಣುಮಕ್ಕಳ ಊರು ಕೂಗತೊಡಗಿದರು. ಸೀಮೆಸುಣ್ಣ ಸವೆಯಿತು. ನಕಾಶೆ ಹಲಗೆಯಲ್ಲಿ ಹಿಡಿಸದೆ ಚೌಕಟ್ಟಿಗೆ ಏರಿತು, ಚೌಕಟ್ಟು ದಾಟಿ ಜೀಪಿನ ಬಾಗಿಲಿಗೆ ಬಂತು. "ಅಕ್ಕೋರ, ನಿಮ್ಮನ್ನ ಯಾವೂರಿಗೆ ಕೊಡ್ತಾರ? ಈಗ ಹೇಳಿಬಿಡ್ರಿ, ಜಾಗಾ ಇಡೂಣು" ಎಂದನೊಬ್ಬ. ನಾನು ಅವನತ್ತ ಸುಣ್ಣದ ತುಂಡು ಎಸೆದೆ.

ಜೋಯಿಡಾ ಕಡೆಯಿಂದ ಮುರುಗಲ ಹುಳಿ ಮಾರಲು ಬಂದಿದ್ದ ಕೊಂಕಣಿ ಮುದುಕಿ ಗೋದುಬಾಯಿ ಜನರನ್ನು ಸರಿಸಿ ಮುಂದೆ ಬಂದಳು.

"ಬಾಬಾ, ನನ್ನ ಚೇಡು ಘಟ್ಟದ ಕೆಳಗೆ, ಗೋವಾದಲ್ಲಿ. ಮಗಳು, ಮಗಳು. ಮೊಮ್ಮಗನ್ನ ನೋಡಲಿಕ್ಕೆ ಹೋದರೆ ಅನಮೋಡ ನಾಕಾದಲ್ಲಿ ಬುಟ್ಟಿ ಎಲ್ಲ ಚೆಲ್ಲಿ ನೋಡ್ತಾರೆ. ನಿನ್ನ ರಾಜ್ಯದಲ್ಲಿ ಆ ಗೇಟು ಇರ್ತದೋ ಇಲ್ಲವೋ?"

ಮಾಮಾ ಬಾನೆಟ್ಟಿನಿಂದ ಇಳಿದು ಅವಳ ಕೈ ಹಿಡಿದುಕೊಂಡ. "ಇರಂಗಿಲ್ಲವ್ವ. ಆಣಿ ಮಾಡಿ ಹೇಳ್ತೇನಿ, ಇರಂಗಿಲ್ಲ." ಆ ಗಳಿಗೆ ಅವನ ಮೇಲೆ ನನಗೆ ಬಹಳ ಪ್ರೀತಿ ಬಂತು. ಗೋವಾವನ್ನು ಜೀಪಿನ ಹಿಂದಿನ ಗಾಲಿಯ ಹತ್ತಿರ ಬರೆದೆ.

ವರದಿ ಬರೆಯಲು ಬಂದಿದ್ದ ಪೊಲೀಸ್ ಪೇದೆ ಟೊಪ್ಪಿಗೆ ತೆಗೆದು ಮೆಲ್ಲಗೆ, "ನಮ್ಮ ತಂಗಿ ಅಂಕೋಲಾದಾಗ ಅದಾಳ್ರಿ, ಸೇರಸ್ತೀರೇನು?" ಎಂದ. ಜನ ಬಿದ್ದು ಬಿದ್ದು ನಕ್ಕರು. ಮಾಮಾ ಬೆವರು ಒರೆಸಿಕೊಂಡು ಕೂಗಿದ.

"ಸಾಕ್ರೋ! ಯಾವ ಊರಾಗ ನಮ್ಮ ಹೆಣ್ಣುಮಕ್ಕಳಿಲ್ಲ, ಅದನ್ನಾರ ಹೇಳ್ರಿ. ಅಲ್ಲೇ ಗಡಿ ಹಾಕೂಣು!"

ಜನ ಬೆರಳು ಮಡಚಿ ಊರು ಎಣಿಸಿದರು. ಯಾರಿಗೂ ಹೊಳೆಯಲಿಲ್ಲ. "ಪಾಕಿಸ್ತಾನ?" ಎಂದ ಯಾರೋ ಹಿಂದಿನಿಂದ. ಫಕ್ರುದ್ದೀನ ತಲೆ ಕೆರೆದುಕೊಂಡ. "ನಮ್ಮ ಚಾಚಾನ ಮಗಳು ಕರಾಚಿಯೊಳಗ..."

ಮುಂದಿನದು ಕೇಳಿಸಲಿಲ್ಲ. ಅಡಿವೆಯ್ಯ ಸ್ವಾಮಿಗಳು ನಕ್ಕು ನಕ್ಕು ಈರುಳ್ಳಿ ರಾಶಿಯ ಮೇಲೆ ಕೂತುಬಿಟ್ಟರು. ಜೀಪಿನೊಳಗೆ ಅಕ್ಕ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಅಯ್ಯೋ ಸಾಕು ಮಾಡ್ರೋ, ಇಲ್ಲೇ ಹಡೀತೇನಿ ನಾ" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ಮಾತು ಕೇಳಿದ್ದೇ ಫಕ್ರುದ್ದೀನ ಗಾಬರಿಯಾಗಿ ಜೀಪು ಚಾಲೂ ಮಾಡಿದ. ಅಣ್ಣ ಹಾರಿ ಕೂತ. ಬಾಗಿಲ ತುಂಬ ಸೊಲ್ಲಾಪುರ, ಗಾಲಿಯ ಹತ್ತಿರ ಗೋವಾ ಹೊತ್ತುಕೊಂಡು ಇಡೀ ಕಾಳಿನಾಡು ಮುಂಡಗೋಡದ ಕಡೆ ಹೊರಟುಹೋಯಿತು. ಮಾಮಾ ನಡುಬೀದಿಯಲ್ಲಿ ಬಾವುಟ ಹಿಡಿದು ನಿಂತಿದ್ದ. ಅಕ್ಕ ಜೀಪಿನಿಂದ ಕೈ ಬೀಸಿದಳು. ಅವನೂ ಬಾವುಟವನ್ನೇ ಬೀಸಿದ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಹೆಣ್ಣು ಹುಟ್ಟಿತು. ಮಾಮಾನ ಜೊತೆ ನಾನೂ ಮುಂಡಗೋಡಕ್ಕೆ ಹೋದೆ. ಬಾಣಂತಿ ಕೋಣೆಯಲ್ಲಿ ಅಜವಾನದ ಹೊಗೆ. ನಮ್ಮವ್ವ ಕಾಶೆವ್ವ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ಉಸಿರು ಬಿಡಲೂ ಹೆದರಿ ಕೂತ.

"ಪ್ರಜೆ ಬಂತಲ್ರಿ, ಅಂದಾನೆಪ್ಪನವರ," ಎಂದ ಅಣ್ಣ ಬಾಗಿಲಿಂದ. "ಯಾವ ನಾಡಿನಾಕಿ ಅಂತ ಬರಕೊಳ್ಳೂಣು?"

ಮಾಮಾ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ. ಕಡೆಯ ಬೆರಳು ಬಿಡಿಸಿ ನಮ್ಮವ್ವನನ್ನು ಕೇಳಿದ.

"ಅತ್ತಿ, ಹೆಣ್ಣುಮಗಳನ್ನ ದೂರ ಕೊಡಬೇಕಂತ ಏನ ಇಲ್ಲಲ್ರಿ? ಊರಾಗ ಕೊಟ್ರೂ ನಡೀತೈತಿ, ಹೌದಿಲ್ರಿ?"

ಅವ್ವ ಕುಲಾವಿಯ ದಾರ ಕಟ್ಟುತ್ತಿದ್ದಳು. "ನಾನೂ ಹಂಗ ಅನಕೊಂಡಿದ್ನಿ, ಅಳಿಯಂದ್ರ," ಎಂದಳು. "ಹಿತ್ತಲ ದಾಟಿಸಬಾರದಂತ ಮಾಡಿದ್ನಿ. ನೀವು ಹಳಿಯಾಳದಿಂದ ಬಂದ್ರಿ."

ಮಾಮಾ ಅಳುತ್ತಿದ್ದ. ಹೆಂಡತಿಯ ತವರಿನಲ್ಲಿ, ಎಲ್ಲರ ಎದುರಿಗೆ, ಮುಚ್ಚಿಕೊಳ್ಳದೆ ಅತ್ತ. ಅಕ್ಕ ಮಂಚದ ಮೇಲಿಂದ ಸೆರಗಿನ ತುದಿ ಅವನ ಕಡೆ ಚಾಚಿದಳು.

ಐದು ತಿಂಗಳ ಮೇಲೆ ತಾಯಿ ಮಗುವನ್ನು ಬಸ್ಸಿನಲ್ಲಿ ಕರೆತಂದೆವು. ಸುಣ್ಣದ ಕಲ್ಲಿನ ಹತ್ತಿರ ಬಂದಾಗ ಕೂಸು ಅವನ ಧೋತರ ತೋಯಿಸಿತು. "ಮಾಮಾ, ಈ ನೀರು ಯಾವ ಹೊಳಿಗಿ ಹೋಗತೈತಿ, ಶಾಸ್ತ್ರ ಹೇಳ್ರಿ" ಎಂದು ನಾನು ಕೆಣಕಿದೆ. ಅವನು ನಕ್ಕನೇ ಹೊರತು ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

'ಅಡವಿ ಕಹಳೆ' ನಿಲ್ಲಲಿಲ್ಲ. ಬಿದಿರಿನ ಹುಕುಮಿನ ಬಗ್ಗೆ, ಅನಮೋಡದ ಗೇಟಿನ ಬಗ್ಗೆ ಅದು ಮೊದಲಿಗಿಂತ ಜೋರಾಗಿ ಕೂಗಿತು. ನಕಾಶೆ ಮಾತ್ರ ಮತ್ತೆ ಅಚ್ಚಾಗಲಿಲ್ಲ. ಅರವತ್ತಾರರಲ್ಲೋ ಏಳರಲ್ಲೋ ಹೊಸ ಪೊಲೀಸ್ ಸಾಹೇಬರು ಮನೆಗೆ ಬಂದು, ನಿಮ್ಮ ಪ್ರತ್ಯೇಕ ರಾಜ್ಯದ ಚಳವಳಿ ನಿಂತಿತೇ ಎಂದು ಕೇಳಿದರು. ಹುಡುಗಿ ಮಾಮಾನ ಹೆಗಲೇರಿ ಕೂತು ಅವನ ಜುಟ್ಟು ಜಗ್ಗುತ್ತಿದ್ದಳು.

"ನಿಂತಿಲ್ರಿ, ಸಾಹೇಬ್ರ. ಗಡಿ ಒಂದು ಬಾಕಿ ಐತಿ. ಇಕಿಗೆ ವರ ಗೊತ್ತಾಗಲಿ, ಆಮ್ಯಾಲ ಹಾಕ್ತೇನಿ."

ಸಾಹೇಬರಿಗೂ ಮೂವರು ಹೆಣ್ಣುಮಕ್ಕಳು. ಏನೂ ಬರೆದುಕೊಳ್ಳದೆ ಚಹಾ ಕುಡಿದು ಎದ್ದುಹೋದರು.