ಲಿಸ್ಸಿ ಚೇಚಿಯ ಎರಡನೇ ದನಿ

ಇಲ್ಲ... ನಂಬಲಿಕ್ಕೇ ಆಗುತ್ತಿಲ್ಲ.

ಬೆಳಿಗ್ಗೆ ವಾರಿಜಕ್ಕನ ಫೋನ್.
"ಲಿಸ್ಸಿ ಹೋದಳು ಮಾರಾಯ... ನಿದ್ದೆಯಲ್ಲೇ."

ಭಾನುವಾರವಷ್ಟೇ ಚೇಚಿ ವಾಟ್ಸಾಪಿನಲ್ಲಿ ನನ್ನ ಹೊಸ ಮೀಸೆ ನೋಡಿ ಗೇಲಿ ಮಾಡಿದ್ದರು!

ಫ್ರೆಂಡ್ಸ್, ಗೊತ್ತಿಲ್ಲದವರಿಗೆ...
ಕಡಬದ ಮಲಯಾಳಿ ಅಕ್ಕ ಲಿಸ್ಸಿ ಚೇಚಿ, ಸವಣೂರಿನ ವಾರಿಜಕ್ಕ.
ಒಬ್ಬರದು ಚರ್ಚಿನ ಕ್ವಾಯರ್, ಇನ್ನೊಬ್ಬರದು ಅಜ್ಜಿಯಿಂದ ಬಂದ ತುಳು ಹಾಡು.
ಚೇಚಿಯ ಗಿಟಾರ್, ಇಬ್ಬರ ದನಿ... ಅಷ್ಟೇ ಅವರ ಆಲ್ಬಂ.
ಹೋದ ವರ್ಷ ಅದನ್ನು ರೆಕಾರ್ಡ್ ಮಾಡಿದ್ದು ನಾನು.

ಸ್ಟುಡಿಯೋ ಯಾವುದು ಅಂತೀರಾ?
ಚೇಚಿಯ ಮನೆಯ ಹಿಂದೆ ರಬ್ಬರ್ ಶೀಟಿಗೆ ಹೊಗೆ ಕೊಡುವ ಕೋಣೆ!
ಸುತ್ತಲೂ ನೇತುಹಾಕಿದ ಶೀಟುಗಳು... ಒಂಚೂರೂ ಎಕೋ ಇಲ್ಲ. ಉಸಿರೆಳೆದದ್ದೂ ಕೇಳುತ್ತದೆ.
ಸಂಜೆ ನಾನೂ ವಾರಿಜಕ್ಕನೂ ಬಸ್ಸು ಹತ್ತಿದರೆ, ಬಟ್ಟೆಗೆ ಹಿಡಿದ ಆ ಹೊಗೆಯ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಚೇಚೀ... ಉಪ್ಪಿನಂಗಡಿಯ ಪ್ರೋಗ್ರಾಂ ನೆನಪಿದೆಯಾ?
ವಾರಿಜಕ್ಕ ಹಾಡುತ್ತಿದ್ದರೆ ನೀವು ಕ್ವಾಯರಿನಲ್ಲಿ ಹಾಡುವ ಹಾಗೆ, ಅದಕ್ಕೆ ಹೊಂದುವ ಎರಡನೇ ದನಿಯಾಗಿ ಕೆಳಗೆ ಬೇರೆಯೇ ಸ್ವರ ಹಿಡಿದಿದ್ದಿರಿ.
ಮೈಕಿನವನಿಗೆ ಗಾಬರಿ.
"ಆ ಅಕ್ಕನಿಗೆ ಶ್ರುತಿ ತಪ್ಪಿ ಹೋಗ್ತಾ ಉಂಟು ಮಾರಾಯ್ರೆ" ಎಂದು ನಿಮ್ಮ ಮೈಕನ್ನೇ ಆಫ್ ಮಾಡಿದ!
ನೀವು ನಗುತ್ತಾ ಹೋಗಿ ವಾರಿಜಕ್ಕನ ಮೈಕಿನ ಮುಂದೆ ನಿಂತಿರಿ.
ಆಮೇಲೆ ಎಲ್ಲೇ ಹೋದರೂ ಇಬ್ಬರಿಗೂ ಒಂದೇ ಮೈಕ್.

ಒಮ್ಮೆಯಾದರೂ ಮೇನ್ ದನಿ ನೀವು ಹಾಡಿ ಅಂದರೆ...
"ಎಂತಕ್ಕೆ? ವಾರಿಜ ಮೇಲೆ ಹೋಗುವಾಗ ಕೆಳಗೆ ಒಬ್ಬರು ಬೇಡ್ವಾ?"

ಅಷ್ಟರಲ್ಲೇ ನಿಮಗೆ ಖುಷಿ. ತೋರಿಕೆಯದ್ದಲ್ಲ, ನಿಜವಾದದ್ದು.
ಅದನ್ನು ನೆನೆದರೆ ಅಳುವಿನ ನಡುವೆಯೂ ನನಗೆ ಸಮಾಧಾನವಾಗುತ್ತಿದೆ...

ಮಧ್ಯಾಹ್ನ ನಿಮ್ಮ ಮನೆಯಲ್ಲಿ ವಾರಿಜಕ್ಕ ಗೋಡೆಗೊರಗಿ ಕೂತಿದ್ದರು.
"ನಾನಿನ್ನು ಹಾಡುದಿಲ್ಲ. ಅವಳಿಲ್ಲದೆ ಎಂತ ಹಾಡುದು?"


ಪ್ರಾರ್ಥನೆ ಮುಗಿಯಿತು.
ಕ್ವಾಯರಿನ ಹೆಂಗಸರು ಮೆಲ್ಲಗೆ ನಿಮ್ಮ ಆಲ್ಬಮ್ಮಿನ ಜೋಗುಳ ಶುರು ಮಾಡಿದರು.
ಮಲಯಾಳಂ ಬಾಯಲ್ಲಿ ತುಳು ಜೋಗುಳ...
ಎಲ್ಲರೂ ಹಾಡಿದ್ದು ವಾರಿಜಕ್ಕನ ಭಾಗವನ್ನೇ. ಅವರಿಗೆ ಬಾಯಿಪಾಠ ಇದ್ದದ್ದು ಅದು.

ಒಂದು ಚರಣ ಮುಗಿಯಿತು.
ವಾರಿಜಕ್ಕನಿಗೆ ತಡೆಯಲು ಆಗಲಿಲ್ಲ.
"ಲಿಸ್ಸಿಯ ಭಾಗ ಯಾರೂ ಹಾಡುದಿಲ್ಲವಲ್ಲ!"
ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಬಂದರು.
ಹೆಂಗಸರ ಮಧ್ಯೆ ನಿಂತು, ಕೆಳಗಿನ ಸ್ವರದಲ್ಲಿ...
ನಿಮ್ಮ ಭಾಗ ಹಾಡಿದರು, ಚೇಚೀ. ಕೊನೆಯವರೆಗೂ.

ನಿಶ್ಚಿಂತೆಯಿಂದ ಹೋಗಿಬನ್ನಿ...
ದೇವರ ಮಡಿಲಲ್ಲಿ ನಿಮ್ಮ ಆತ್ಮ ತಣ್ಣಗಿರಲಿ. 🙏